ಗಡಿಯಾಚೆ ನಾಲ್ಕು ಸಾವಿರ, ಈಚೆ ಸಾವಿರದ ಇನ್ನೂರು: ಅಮ್ಮನ ಪಿಂಚಣಿ ಯಾಕೆ ಕಡಿಮೆ?

ಪ್ರಶ್ನೆ: ನಮ್ಮದು ಪಾವಗಡ ತಾಲ್ಲೂಕು. ಅಮ್ಮನಿಗೆ 68 ವರ್ಷ, ಸಂಧ್ಯಾ ಸುರಕ್ಷಾದಲ್ಲಿ ತಿಂಗಳಿಗೆ 1,200 ರೂಪಾಯಿ ಬರುತ್ತದೆ. ಅಮ್ಮನ ತಂಗಿಯನ್ನು ಗಡಿಯಾಚೆ ಆಂಧ್ರದ ಮಡಕಶಿರಾ ಕಡೆ ಕೊಟ್ಟಿದ್ದಾರೆ. ಚಿಕ್ಕಮ್ಮನಿಗೆ ಒಂದನೇ ತಾರೀಖು ಬೆಳಗಾದರೆ 4,000 ರೂಪಾಯಿ ಮನೆ ಬಾಗಿಲಿಗೇ ತಂದು ಕೊಡುತ್ತಾರೆ. ನಮ್ಮಣ್ಣನಿಗೆ ಪೋಲಿಯೊದಿಂದ ಒಂದು ಕಾಲು ಸ್ವಾಧೀನದಲ್ಲಿಲ್ಲ, ಇಲ್ಲಿ 800 ಕೊಡುತ್ತಾರೆ, ಅಲ್ಲಾಗಿದ್ದರೆ 6,000 ಅಂತೆ. ಎರಡೂ ಕಡೆ ಅದೇ ಆಧಾರ್, ಅದೇ ದೇಶ. ಯಾಕಿಷ್ಟು ವ್ಯತ್ಯಾಸ? ಅಮ್ಮನ ಹೆಸರನ್ನು ಚಿಕ್ಕಮ್ಮನ ಮನೆಗೆ ಸೇರಿಸಿ ಅಲ್ಲಿಯ ಪಿಂಚಣಿ ಮಾಡಿಸಬಹುದೆ? ಕೇಂದ್ರ ಸರ್ಕಾರವೇ ಎಲ್ಲರಿಗೂ ಒಂದೇ ಮೊತ್ತ ಕೊಡಬಾರದೆ?

ಉತ್ತರ: ಎರಡನೆಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ, ಯಾಕೆಂದರೆ ಅದರಲ್ಲಿ ಆತುರಪಟ್ಟರೆ ನಷ್ಟವಾಗುವುದು ನಿಮ್ಮ ತಾಯಿಗೆ. ದಯವಿಟ್ಟು ಹೆಸರು ವರ್ಗಾಯಿಸಲು ಹೋಗಬೇಡಿ. ಒಂದು ರಾಜ್ಯದ ಪಿಂಚಣಿಯನ್ನು ಇನ್ನೊಂದು ರಾಜ್ಯಕ್ಕೆ ವರ್ಗ ಮಾಡಿಸುವ ವ್ಯವಸ್ಥೆಯೇ ನಮ್ಮಲ್ಲಿಲ್ಲ. ಇಲ್ಲಿಯದನ್ನು ರದ್ದು ಮಾಡಿಸಬೇಕು, ಅಲ್ಲಿ ಹೊಸದಾಗಿ ಅರ್ಜಿ ಹಾಕಬೇಕು, ಅಲ್ಲಿಯ ರೇಷನ್ ಕಾರ್ಡು ಮತ್ತು ವಿಳಾಸ ಇರಬೇಕು, ನಿಜವಾಗಿಯೂ ಅಲ್ಲೇ ವಾಸವಿರಬೇಕು. ಇಷ್ಟೆಲ್ಲ ಮಾಡಿದರೂ ನಿಮ್ಮ ತಾಯಿಗೆ ಪಿಂಚಣಿ ಸಿಗುವುದು ಅನುಮಾನ. ಆಂಧ್ರದ ನಿಯಮದ ಪ್ರಕಾರ ಸಾಮಾನ್ಯವಾಗಿ ಒಂದು ಕುಟುಂಬಕ್ಕೆ ಒಂದೇ ಪಿಂಚಣಿ. ತೀವ್ರ ಅಂಗವೈಕಲ್ಯದಂತಹ ಕೆಲವು ಸಂದರ್ಭಗಳಿಗಷ್ಟೇ ವಿನಾಯಿತಿ. ಚಿಕ್ಕಮ್ಮ ಆಗಲೇ ಪಡೆಯುತ್ತಿರುವ ಮನೆಗೆ ಅಕ್ಕನ ಹೆಸರು ಸೇರಿಸಿದರೆ ಆ ಮನೆಗೆ ಎರಡನೆಯ ವೃದ್ಧಾಪ್ಯ ಪಿಂಚಣಿ ಬರುವುದಿಲ್ಲ, ಇಲ್ಲಿಯದೂ ಕೈತಪ್ಪುತ್ತದೆ.

ಎರಡೂ ಕಡೆ ಇಟ್ಟುಕೊಳ್ಳುತ್ತೇವೆ ಎಂಬ ಮಾತು ಗಡಿ ಊರುಗಳಲ್ಲಿ ಕೇಳಿಬರುತ್ತದೆ. ನೀವು ಹಾಗೆ ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಆಧಾರ್ ಸಂಖ್ಯೆ ಎರಡು ಕಡೆ ಕಂಡ ದಿನ ಎರಡೂ ನಿಲ್ಲಬಹುದು. ಕೊಟ್ಟ ಹಣವನ್ನು ವಾಪಸು ಕಟ್ಟಿ ಎಂದು ನೋಟಿಸು ಬರಬಹುದು, ಮೊಕದ್ದಮೆಯೂ ಆಗಬಹುದು. 68ನೆಯ ವಯಸ್ಸಿನಲ್ಲಿ ತಾಯಿಯನ್ನು ತಾಲ್ಲೂಕು ಕಚೇರಿಯ ಮುಂದೆ ಆ ಸ್ಥಿತಿಯಲ್ಲಿ ನಿಲ್ಲಿಸಬೇಡಿ.

ಇನ್ನು ಯಾಕಿಷ್ಟು ವ್ಯತ್ಯಾಸ ಎಂಬ ಪ್ರಶ್ನೆ. ಪಿಂಚಣಿ ಕೊಡುವುದು ಕೇಂದ್ರ ಸರ್ಕಾರ, ರಾಜ್ಯ ಬರೀ ಹಂಚುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ವಿಷಯ ಹೆಚ್ಚುಕಡಿಮೆ ತಿರುಗುಮುರುಗು. ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ಅಂಗವಿಕಲರ ಮತ್ತು ದುಡಿಯಲಾಗದವರ ಪರಿಹಾರ ರಾಜ್ಯ ಪಟ್ಟಿಯಲ್ಲಿದೆ. ಸಾಮಾಜಿಕ ಭದ್ರತೆ ಸಮವರ್ತಿ ಪಟ್ಟಿಯಲ್ಲಿದೆ, ಅಂದರೆ ಕೇಂದ್ರ ಮತ್ತು ರಾಜ್ಯ ಎರಡಕ್ಕೂ ಅಧಿಕಾರವಿದೆ. ವೃದ್ಧಾಪ್ಯ, ಕಾಯಿಲೆ, ಅಂಗವೈಕಲ್ಯದ ಕಾಲದಲ್ಲಿ ಸರ್ಕಾರ ನೆರವಾಗಬೇಕು ಎಂದು 41ನೆಯ ವಿಧಿ ಹೇಳುತ್ತದೆ. ಎಷ್ಟು ಕೊಡಬೇಕು ಎಂದು ಎಲ್ಲಿಯೂ ಬರೆದಿಲ್ಲ. ಅದನ್ನು ಪ್ರತಿ ರಾಜ್ಯವೂ ತನ್ನ ಬಜೆಟ್ಟಿನಲ್ಲಿ ತೀರ್ಮಾನಿಸುತ್ತದೆ.

ಕೇಂದ್ರದ ಪಾಲು ಎಷ್ಟು ಗೊತ್ತೇ? 1995ರ ಆಗಸ್ಟ್ 15ರಂದು ರಾಷ್ಟ್ರೀಯ ಸಾಮಾಜಿಕ ನೆರವು ಕಾರ್ಯಕ್ರಮ ಶುರುವಾಯಿತು. ಅದರಡಿಯಲ್ಲಿ ಇಂದಿರಾ ಗಾಂಧಿ ಹೆಸರಿನ ವೃದ್ಧಾಪ್ಯ ಪಿಂಚಣಿಗೆ ಕೇಂದ್ರ ಕೊಡುವುದು 60ರಿಂದ 79 ವರ್ಷದವರಿಗೆ ತಿಂಗಳಿಗೆ 200 ರೂಪಾಯಿ, 80 ದಾಟಿದವರಿಗೆ 500. ಆ 200 ರೂಪಾಯಿ 2007ರಿಂದ ಅಲ್ಲಾಡಿಲ್ಲ. ವಿಧವೆಯರಿಗೆ 300 ರೂಪಾಯಿ, ಅದೂ 40 ವರ್ಷ ತುಂಬಿದ ಮೇಲೆ. ಅಂಗವಿಕಲರಿಗೂ 300 ರೂಪಾಯಿ, ಆದರೆ ವೈಕಲ್ಯ ಶೇ. 80 ಅಥವಾ ಹೆಚ್ಚಿರಬೇಕು. ಇದರ ಮೇಲೆ ದೇಶಕ್ಕೆಲ್ಲ ಸೇರಿ ಸುಮಾರು 3.09 ಕೋಟಿ ಫಲಾನುಭವಿಗಳೆಂಬ ಮಿತಿಯಿದೆ, ಅದನ್ನು ರಾಜ್ಯಗಳಿಗೆ ಹಂಚಲಾಗಿದೆ. ಮಿತಿ ದಾಟಿದವರಿಗೆ ಕೊಡಬೇಕೆಂದರೆ ಪೂರ್ತಿ ಹಣ ರಾಜ್ಯದ್ದೇ.

ನಿಮ್ಮ ಮನೆಯ ಲೆಕ್ಕವನ್ನೇ ನೋಡಿ. ಸಂಧ್ಯಾ ಸುರಕ್ಷಾ 2007ರಲ್ಲಿ ಕರ್ನಾಟಕವೇ ಶುರು ಮಾಡಿದ ಯೋಜನೆ. ಸಣ್ಣ ರೈತರು, ಕೃಷಿ ಕೂಲಿಗಳು, ನೇಕಾರರು, ಮೀನುಗಾರರು, ಅಸಂಘಟಿತ ಕಾರ್ಮಿಕರ ಪೈಕಿ 65 ದಾಟಿದವರಿಗಾಗಿ ಮಾಡಿದ್ದು. ನಿಮ್ಮ ತಾಯಿಯ 1,200 ರೂಪಾಯಿಯಲ್ಲಿ ದೆಹಲಿಯ ಒಂದು ರೂಪಾಯಿಯೂ ಇಲ್ಲ. ಅಣ್ಣನವರ ವೈಕಲ್ಯ ಶೇ. 80ಕ್ಕಿಂತ ಕಡಿಮೆ ಇದ್ದರೆ ಅವರ 800ರಲ್ಲೂ ಇಲ್ಲ. ಹಾಗೆಯೇ ಚಿಕ್ಕಮ್ಮನ 4,000ದಲ್ಲಿ ಕೇಂದ್ರದ್ದು ಇದ್ದರೆ 200, ಮಿಕ್ಕಿದ್ದೆಲ್ಲ ಆಂಧ್ರದ ರಾಜಧಾನಿ ಅಮರಾವತಿಯಿಂದ ಬರುವುದು. ಅಂದರೆ ಒಂದೇ ಸರ್ಕಾರ ಅಕ್ಕನಿಗೆ ಕಡಿಮೆ, ತಂಗಿಗೆ ಹೆಚ್ಚು ಕೊಡುತ್ತಿಲ್ಲ. ಇಬ್ಬರಿಗೆ ಕೊಡುತ್ತಿರುವವರು ಬೇರೆ ಬೇರೆ.

ಹಾಗಾದರೆ ಆಂಧ್ರಕ್ಕೆ ಸಾಧ್ಯವಾದದ್ದು ನಮಗೆ ಯಾಕೆ ಆಗಲಿಲ್ಲ? ಅವರು ನಮಗಿಂತ ಶ್ರೀಮಂತರೇನಲ್ಲ, ತಲಾ ಆದಾಯದಲ್ಲಿ ಕರ್ನಾಟಕ ಮುಂದಿದೆ. ಉತ್ತರ ಇರುವುದು ಚುನಾವಣೆಗಳಲ್ಲಿ. ಆಂಧ್ರದಲ್ಲಿ ಪಿಂಚಣಿಯೇ ಮುಖ್ಯ ಭರವಸೆಯಾಗಿ ಬೆಳೆಯಿತು. 2014ರಲ್ಲಿ 200 ಇದ್ದದ್ದನ್ನು ಚಂದ್ರಬಾಬು ನಾಯ್ಡು ಸರ್ಕಾರ 1,000 ಮಾಡಿತು, 2019ರ ಚುನಾವಣೆಗೆ ಮುಂಚೆ 2,000 ಮಾಡಿತು. ಆಮೇಲೆ ಬಂದ ಜಗನ್ ಮೋಹನ್ ರೆಡ್ಡಿ ಸರ್ಕಾರ 2,250ರಿಂದ ಹಂತಹಂತವಾಗಿ ಏರಿಸಿ 2024ರ ಜನವರಿಗೆ 3,000ಕ್ಕೆ ಮುಟ್ಟಿಸಿತು. ಅದೇ ವರ್ಷ ಮತ್ತೆ ಬಂದ ನಾಯ್ಡು ಜುಲೈ 1ರಿಂದ 4,000 ಮಾಡಿದರು. ಏಪ್ರಿಲ್‌ನಿಂದ ಜೂನ್‌ವರೆಗಿನ ಮೂರು ತಿಂಗಳ ಬಾಕಿ 3,000 ಸೇರಿ ಆ ದಿನ ಮುದುಕರ ಕೈಗೆ 7,000 ರೂಪಾಯಿ ಬಂತು. ಅಂಗವಿಕಲರಿಗೆ 3,000ದಿಂದ 6,000, ಹಾಸಿಗೆ ಹಿಡಿದು ಪೂರ್ತಿ ಇನ್ನೊಬ್ಬರ ಆಸರೆಯಲ್ಲಿರುವವರಿಗೆ 15,000. ಎರಡು ಪಕ್ಷಗಳ ಮೇಲಾಟದಲ್ಲಿ ಹತ್ತು ವರ್ಷಕ್ಕೆ 200 ಹೋಗಿ 4,000 ಆಯಿತು. ಇಂಥ ಮೇಲಾಟವನ್ನು ಹಳಿಯುವವರಿದ್ದಾರೆ. ನಾನು ಹಳಿಯುವುದಿಲ್ಲ. ಮುದುಕರ ಕೈಗೆ ದುಡ್ಡು ಸೇರಿದ್ದು ಅದರಿಂದಲೇ.

ನಮ್ಮಲ್ಲಿ ದಾರಿ ಬೇರೆಯಾಯಿತು. ಸಂಧ್ಯಾ ಸುರಕ್ಷಾ 400 ರೂಪಾಯಿಯಿಂದ ಶುರುವಾಗಿ 2018ರಲ್ಲಿ 1,000 ಆಯಿತು. 2021ರಲ್ಲಿ ಬಸವರಾಜ ಬೊಮ್ಮಾಯಿ ಸರ್ಕಾರ 1,200ಕ್ಕೆ ಏರಿಸಿತು, ಅದೇ ಸಲ ವಿಧವಾ ಪಿಂಚಣಿ 600ರಿಂದ 800 ಆಯಿತು. 2023ರ ಚುನಾವಣೆ ನಡೆದದ್ದು ಐದು ಗ್ಯಾರಂಟಿಗಳ ಮೇಲೆ, ಅವುಗಳಲ್ಲಿ ಪಿಂಚಣಿ ಇರಲಿಲ್ಲ. ಗೃಹಲಕ್ಷ್ಮಿಯಲ್ಲಿ ಮನೆಯ ಯಜಮಾನಿಗೆ ತಿಂಗಳಿಗೆ 2,000, ಹೆಂಗಸರಿಗೆ ಬಸ್ಸು ಉಚಿತ, 200 ಯೂನಿಟ್‌ವರೆಗೆ ಕರೆಂಟು, ಕಾರ್ಡಿನ ಪ್ರತಿಯೊಬ್ಬರಿಗೂ ಹತ್ತು ಕೆಜಿ ಧಾನ್ಯ, ಓದು ಮುಗಿಸಿದ ನಿರುದ್ಯೋಗಿಗಳಿಗೆ ಯುವನಿಧಿ. 2025–26ರ ಬಜೆಟ್ಟಿನಲ್ಲಿ ಇವಕ್ಕೆ ಇಟ್ಟದ್ದು 51,034 ಕೋಟಿ ರೂಪಾಯಿ. ದುಡ್ಡಿಲ್ಲದೆ ಪಿಂಚಣಿ ಏರಿಸಲಿಲ್ಲ ಎನ್ನುವ ಹಾಗಿಲ್ಲ. ದುಡ್ಡು ವಯಸ್ಸನ್ನು ನೋಡದೆ ಮನೆಯ ಯಜಮಾನಿಯ ಹೆಸರಿಗೆ ಹೋಯಿತು.

ಆದ್ದರಿಂದ ಎರಡು ಪಿಂಚಣಿಗಳನ್ನು ಅಕ್ಕಪಕ್ಕ ಇಟ್ಟು ತೂಗಿದರೆ ಲೆಕ್ಕ ಅರ್ಧವೇ ಆಗುತ್ತದೆ. ನಿಮ್ಮ ರೇಷನ್ ಕಾರ್ಡಿನಲ್ಲಿ ಮನೆಯ ಯಜಮಾನಿ ಯಾರು? ಬಹಳ ಮನೆಗಳಲ್ಲಿ ಹಿರಿಯ ಹೆಂಗಸಿನ ಹೆಸರೇ ಇರುತ್ತದೆ. ನಿಮ್ಮ ತಾಯಿಯ ಹೆಸರಿದ್ದರೆ ಗೃಹಲಕ್ಷ್ಮಿಯ 2,000 ಅವರಿಗೇ ಬರಬೇಕು. ಪಿಂಚಣಿ ಪಡೆಯುವವರಿಗೆ ಗೃಹಲಕ್ಷ್ಮಿ ಇಲ್ಲ ಎಂಬ ನಿಯಮವಿಲ್ಲ. ಆಗ ಅವರ ಹೆಸರಿನಲ್ಲಿ ಬರುವುದು 3,200. ಅನ್ನಭಾಗ್ಯದಲ್ಲಿ ರಾಜ್ಯ ಹೆಚ್ಚುವರಿಯಾಗಿ ಕೊಡುವುದನ್ನೂ ಸೇರಿಸಿ ನೋಡಿದರೆ ಚಿಕ್ಕಮ್ಮನ 4,000ಕ್ಕೂ ಇದಕ್ಕೂ ಇರುವ ಅಂತರ ನೀವು ಅಂದುಕೊಂಡದ್ದಕ್ಕಿಂತ ಬಹಳ ಕಡಿಮೆ. ಹೆಸರು ಆಂಧ್ರಕ್ಕೆ ಹೋದರೆ ಇವೆರಡೂ ಹೋಗುತ್ತವೆ. ಒಂದು ದೇಶ ಒಂದು ರೇಷನ್ ಕಾರ್ಡು ಇದೆಯಲ್ಲ ಎನ್ನಬಹುದು. ಅದರಲ್ಲಿ ಬೇರೆ ರಾಜ್ಯದಲ್ಲಿ ಸಿಗುವುದು ಆಹಾರ ಭದ್ರತಾ ಕಾಯ್ದೆಯ ಕೇಂದ್ರದ ಪಾಲು ಮಾತ್ರ. ರಾಜ್ಯ ತನ್ನ ಕೈಯಿಂದ ಸೇರಿಸಿದ್ದು ಗಡಿ ದಾಟುವುದಿಲ್ಲ.

ಗಡಿಯುದ್ದಕ್ಕೂ ಇಂಥ ಏರುಪೇರುಗಳಿವೆ, ಎಲ್ಲವೂ ಆಂಧ್ರದ ಪರವಾಗಿಯೇ ಇಲ್ಲ. 2025–26ರಲ್ಲಿ ನರೇಗಾ ಕೂಲಿ ಕರ್ನಾಟಕದಲ್ಲಿ ದಿನಕ್ಕೆ 370 ರೂಪಾಯಿ, ಆಂಧ್ರದಲ್ಲಿ 307, ತಮಿಳುನಾಡಿನಲ್ಲಿ 336 ಇತ್ತು. ಪಾವಗಡದ ಬದುವಿನಲ್ಲಿ ಮಣ್ಣು ಹೊತ್ತವರಿಗೂ ಮಡಕಶಿರಾದ ಬದುವಿನಲ್ಲಿ ಹೊತ್ತವರಿಗೂ ದಿನಕ್ಕೆ 63 ರೂಪಾಯಿ ವ್ಯತ್ಯಾಸ. ಇದನ್ನು ನಿಗದಿ ಮಾಡಿದ್ದು ಕೇಂದ್ರವೇ. ಕೇಂದ್ರ ಕೊಟ್ಟರೆ ಎಲ್ಲೆಡೆ ಒಂದೇ ಇರುತ್ತದೆ ಎಂಬ ನಂಬಿಕೆಯೂ ಪೂರ್ತಿ ಸರಿಯಲ್ಲ. ಬಸ್ಸಿನ ವಿಷಯದಲ್ಲಿ ನಾವು 2023ರ ಜೂನ್ 11ರಿಂದ ಶಕ್ತಿ ಯೋಜನೆ ಶುರು ಮಾಡಿದೆವು, ಆಂಧ್ರದಲ್ಲಿ ಸ್ತ್ರೀ ಶಕ್ತಿ ಬಂದದ್ದು 2025ರ ಆಗಸ್ಟ್ 15ಕ್ಕೆ. ಎರಡೂ ಆಯಾ ರಾಜ್ಯದ ಹೆಂಗಸರಿಗಷ್ಟೇ. ಇನ್ನು ಕೋಲಾರ ಜಿಲ್ಲೆಗೆ ಬನ್ನಿ. ಕೆಜಿಎಫ್‌ನಿಂದ ಒಂದು ಕಡೆ ಆಂಧ್ರದ ಕುಪ್ಪಂ, ಇನ್ನೊಂದು ಕಡೆ ತಮಿಳುನಾಡಿನ ಕೃಷ್ಣಗಿರಿ. ಕುಪ್ಪಂನಲ್ಲಿ 4,000, ತಮಿಳುನಾಡಿನಲ್ಲಿ 2023ರಿಂದ 1,200, ನಮ್ಮಲ್ಲಿ 65 ದಾಟಿದರೆ 1,200. ಕೈಗಾರಿಕೆಯಲ್ಲಿ ಅಷ್ಟು ಮುಂದಿರುವ ತಮಿಳುನಾಡೂ ಪಿಂಚಣಿಯಲ್ಲಿ ನಮ್ಮ ಜೊತೆಗೇ ನಿಂತಿದೆ.

ಇಷ್ಟು ಹೇಳಿದ ಮೇಲೂ ಒಂದು ಮಾತನ್ನು ನಾನು ಮೆತ್ತಗೆ ಮಾಡಿ ಹೇಳಲಾರೆ. ಗೃಹಲಕ್ಷ್ಮಿ ಸೇರಿಸಿದರೆ ಲೆಕ್ಕ ಸರಿಹೋಗುವುದು ಕೆಲವರಿಗೆ ಮಾತ್ರ. ಹೆಂಡತಿ ತೀರಿಕೊಂಡು ಒಬ್ಬನೇ ಇರುವ ಮುದುಕನಿಗೆ ಗೃಹಲಕ್ಷ್ಮಿ ಇಲ್ಲ, ಅವನಿಗೆ 1,200 ಅಷ್ಟೇ. 60 ಆಗಿ 65 ಆಗದವರಿಗೆ ಅದಕ್ಕೂ ಕಡಿಮೆ. ಗಂಡನನ್ನು ಕಳೆದುಕೊಂಡು ಅತ್ತೆಯ ಕಾರ್ಡಿನಲ್ಲಿ ಇರುವ ಮೂವತ್ತೈದರ ಹೆಣ್ಣುಮಗಳಿಗೆ 2,000 ಅತ್ತೆಯ ಖಾತೆಗೆ ಹೋಗುತ್ತದೆ, ಇವಳ ಕೈಗೆ 800. ಗಡಿಯಾಚೆ ಅಂಥವಳಿಗೆ 4,000. ನಿಮ್ಮಣ್ಣನಂಥವರಿಗೆ ಶೇ. 40ರಿಂದ 75ರವರೆಗೆ 800, ಅದಕ್ಕೂ ಹೆಚ್ಚಿದ್ದರೆ 1,400. ಆಚೆ 6,000. ಈ ಅಂತರವನ್ನು ಯಾವ ಗ್ಯಾರಂಟಿಯೂ ತುಂಬುತ್ತಿಲ್ಲ. ನಿಮ್ಮ ಪತ್ರದಲ್ಲಿ ತಾಯಿಯ ವಿಷಯಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದು ಅಣ್ಣನವರ ವಿಷಯ. ಕಾಲು ಸ್ವಾಧೀನವಿಲ್ಲದ ಒಬ್ಬ ಗಂಡಸಿಗೆ ತಿಂಗಳಿಗೆ 800 ರೂಪಾಯಿ ಎಂದರೆ ದಿನಕ್ಕೆ 27 ರೂಪಾಯಿಯೂ ಆಗಲಿಲ್ಲ. ಇದು ಕರ್ನಾಟಕದಂಥ ರಾಜ್ಯಕ್ಕೆ ಒಪ್ಪುವ ಮೊತ್ತವಲ್ಲ.

ಆದಾಯದ ಮಿತಿಯನ್ನೂ ನೋಡಿ. ನಮ್ಮಲ್ಲಿ ಪಿಂಚಣಿಗೆ ಇಟ್ಟಿರುವ ವಾರ್ಷಿಕ ಆದಾಯದ ಮಿತಿ 32,000 ರೂಪಾಯಿ. 2025–26ರ ನರೇಗಾ ಕೂಲಿಯಲ್ಲಿ ನೂರು ದಿನ ಪೂರ್ತಿ ದುಡಿದರೆ 37,000 ಆಗುತ್ತಿತ್ತು. ಸರ್ಕಾರವೇ ಕೊಟ್ಟ ಕೂಲಿ ಪೂರ್ತಿ ಕೈಸೇರಿದರೆ ಸರ್ಕಾರದ್ದೇ ಪಿಂಚಣಿಗೆ ಅನರ್ಹ! ಆಂಧ್ರದಲ್ಲಿ ಹಳ್ಳಿಯವರಿಗೆ ಮಿತಿ ತಿಂಗಳಿಗೆ 10,000, ಅಂದರೆ ವರ್ಷಕ್ಕೆ 1,20,000. ನಮ್ಮ ಬಿಪಿಎಲ್ ಕಾರ್ಡಿನ ಮಿತಿಯೂ ಅಷ್ಟೇ ಇದೆ. ಅನರ್ಹರನ್ನು ಪತ್ತೆ ಹಚ್ಚುತ್ತೇವೆ ಎಂದು ಆಗಾಗ ಪಟ್ಟಿ ಜರಡಿ ಹಿಡಿಯುತ್ತಾರೆ. ಈ ಮಿತಿಯನ್ನು ಹಾಗೇ ಇಟ್ಟುಕೊಂಡು ಜರಡಿ ಹಿಡಿದರೆ ಕೂಲಿ ಮಾಡುವ ಮುದುಕರೇ ಮೊದಲು ಉದುರುತ್ತಾರೆ.

ಹಾಗಾದರೆ ನಮ್ಮಲ್ಲೂ 4,000 ಮಾಡಿಬಿಡಬಹುದೆ? ಆಂಧ್ರದಲ್ಲಿ ಎಲ್ಲ ಬಗೆಯ ಪಿಂಚಣಿದಾರರು ಸೇರಿ 65 ಲಕ್ಷದ ಆಸುಪಾಸು, ತಿಂಗಳ ವೆಚ್ಚ ಸುಮಾರು 2,700 ಕೋಟಿ. ನಮ್ಮಲ್ಲಿ ಪಿಂಚಣಿದಾರರು 70 ಲಕ್ಷಕ್ಕೂ ಹೆಚ್ಚು. 70 ಲಕ್ಷವೆಂದೇ ಹಿಡಿದು ಎಲ್ಲರಿಗೂ 4,000 ಕೊಟ್ಟರೂ ವರ್ಷಕ್ಕೆ 33,600 ಕೋಟಿ ಬೇಕು. ಗೃಹಲಕ್ಷ್ಮಿಗೆ ಇಟ್ಟಿರುವ ಹಣಕ್ಕಿಂತ ಹೆಚ್ಚು. ಎರಡನ್ನೂ ಒಟ್ಟಿಗೆ ಹೊರುವುದು ಯಾವ ಹಣಕಾಸು ಮಂತ್ರಿಗೂ ಸುಲಭವಲ್ಲ. ಆದರೆ ಎಲ್ಲರಿಗೂ ಒಂದೇ ಸಲ ಏರಿಸಬೇಕು ಎಂದೇನೂ ಇಲ್ಲ. ಅಂಗವಿಕಲರು, ಚಿಕ್ಕ ವಯಸ್ಸಿನ ವಿಧವೆಯರು, ಕಾರ್ಡಿನಲ್ಲಿ ಒಬ್ಬರೇ ಇರುವ ವೃದ್ಧರು, ಇವರಿಂದ ಶುರು ಮಾಡಿದರೆ ಹೊರೆ ಬಹಳ ಕಡಿಮೆಯಾಗುತ್ತದೆ. ನಿಮ್ಮ ಶಾಸಕರನ್ನು ಕಂಡಾಗ ಆಂಧ್ರದಷ್ಟೇ ಕೊಡಿ ಎನ್ನುವುದಕ್ಕಿಂತ ಇವರಿಗೆ ಮೊದಲು ಕೊಡಿ ಎಂದು ಕೇಳಿ. ಬಜೆಟ್ಟು ಮಾರ್ಚ್ ಹೊತ್ತಿಗೆ ಮಂಡನೆಯಾಗುತ್ತದೆ, ಇಲಾಖೆಗಳು ಅದಕ್ಕೆ ಮುಂಚೆಯೇ ಬೇಡಿಕೆ ಸಲ್ಲಿಸುತ್ತವೆ. ಬರೆದ ಮನವಿ ದಸರಾ ದೀಪಾವಳಿಯ ಹೊತ್ತಿಗೆ ಅವರ ಕೈಗೆ ಸೇರಿದರೆ ಒಳ್ಳೆಯದು.

ಕೇಂದ್ರವೇ ಎಲ್ಲರಿಗೂ ಒಂದೇ ಮಾಡಬಾರದೆ ಎಂದು ಕೇಳಿದ್ದೀರಿ. ಪೂರ್ತಿ ಒಂದೇ ಆಗಬೇಕು ಎಂಬುದನ್ನು ನಾನು ಒಪ್ಪುವುದಿಲ್ಲ. ರಾಜ್ಯಗಳಿಗೆ ಆ ಸ್ವಾತಂತ್ರ್ಯ ಇಲ್ಲದಿದ್ದರೆ ಚಿಕ್ಕಮ್ಮನಿಗೂ ಇಂದು 200 ರೂಪಾಯಿಯೇ ಸಿಗುತ್ತಿತ್ತು. ಆದರೆ ತಳಪಾಯ ಒಂದಿರಬೇಕು. ಬ್ರಿಟನ್ನಿನಲ್ಲಿ ಸ್ಕಾಟ್ಲೆಂಡಿಗೆ ತನ್ನದೇ ಸಂಸತ್ತಿದೆ, 2016ರ ಕಾಯ್ದೆಯ ಮೇಲೆ ಹಲವು ಸಾಮಾಜಿಕ ಭತ್ಯೆಗಳು ಅದರ ಕೈಗೆ ಬಂದವು. ಅಲ್ಲಿಯ ಬಡ ಕುಟುಂಬಗಳಿಗೆ ಹದಿನಾರರೊಳಗಿನ ಪ್ರತಿ ಮಗುವಿಗೆ 2025–26ರ ಲೆಕ್ಕದಂತೆ ವಾರಕ್ಕೆ 27.15 ಪೌಂಡ್ ಸಿಗುತ್ತದೆ. ಗಡಿ ದಾಟಿ ಇಂಗ್ಲೆಂಡಿಗೆ ಬಂದರೆ ಆ ಭತ್ಯೆಯೇ ಇಲ್ಲ. ಅಲ್ಲಿಯ ಗಡಿ ಊರಿನವರೂ ನಿಮ್ಮಂತೆಯೇ ಕೇಳುತ್ತಾರೆ. ಆದರೆ ಮುದುಕರ ಸರ್ಕಾರಿ ಪಿಂಚಣಿ ಎರಡೂ ಕಡೆ ಒಂದೇ ನಿಯಮದ್ದು, ಅದೇ ವರ್ಷ ಪೂರ್ಣ ಮೊತ್ತ ವಾರಕ್ಕೆ 230.25 ಪೌಂಡ್ ಇತ್ತು, ಮತ್ತು ಅದು ವರ್ಷವರ್ಷವೂ ಏರುತ್ತದೆ. ತಳಪಾಯವನ್ನು ಕೇಂದ್ರ ಗಟ್ಟಿಯಾಗಿ ಹಾಕಿದೆ, ಪ್ರಾಂತ್ಯ ಅದರ ಮೇಲೆ ತನ್ನ ಕೈಲಾದದ್ದನ್ನು ಸೇರಿಸುತ್ತದೆ. ಅವರದು ದುಡಿಯುವಾಗ ಕಟ್ಟಿದ ವಂತಿಗೆಯ ಮೇಲೆ ನಿಂತ ಪಿಂಚಣಿ, ನಮ್ಮದು ಬಡವರಿಗೆ ಕೊಡುವ ನೆರವು. ಮೊತ್ತಕ್ಕೆ ಮೊತ್ತ ಹೋಲಿಸುವುದು ಸರಿಯಲ್ಲ. ರಚನೆಯನ್ನು ಹೋಲಿಸಬಹುದು. ನಮ್ಮಲ್ಲಿ ತಳಪಾಯ 200 ರೂಪಾಯಿ, ಮೇಲೆ ರಾಜ್ಯ ಸೇರಿಸುವುದು ಸಾವಿರಗಳಲ್ಲಿ. ಗಡಿಯಲ್ಲಿ ಇಷ್ಟು ದೊಡ್ಡ ಕಂದಕ ಕಾಣುವುದು ಅದರಿಂದ. ಕೇಂದ್ರದ ಪಾಲು ಹೆಚ್ಚಿಸಬೇಕೆಂದು ಸಂಸತ್ತಿನ ಗ್ರಾಮೀಣಾಭಿವೃದ್ಧಿ ಸ್ಥಾಯಿ ಸಮಿತಿ ಮತ್ತೆ ಮತ್ತೆ ಹೇಳಿದೆ. ದೆಹಲಿ ಆ 200ನ್ನು ಬೆಲೆ ಏರಿಕೆಗೆ ತಕ್ಕಂತೆ ಏರಿಸಿದ್ದರೆ ಬಡ ರಾಜ್ಯಗಳ ಮುದುಕರಿಗೂ ಒಂದು ಆಸರೆ ಇರುತ್ತಿತ್ತು. ನಿಮ್ಮ ಸಂಸದರಿಗೆ ಕೇಳಬೇಕಾದದ್ದು ಇದನ್ನು.

ಮನೆ ಬಾಗಿಲಿಗೆ ತಂದು ಕೊಡುವ ವಿಷಯ. ಆಂಧ್ರದಲ್ಲಿ ಗ್ರಾಮ ಸಚಿವಾಲಯದ ಸಿಬ್ಬಂದಿ ಬಂದು ಹೆಬ್ಬೆಟ್ಟು ಪಡೆದು ನಗದು ಕೊಡುತ್ತಾರೆ. ನಮ್ಮಲ್ಲಿ ಬ್ಯಾಂಕು ಅಥವಾ ಅಂಚೆ ಖಾತೆಗೆ ಜಮೆ, ದಿನ ಹಿಂದುಮುಂದಾಗುತ್ತದೆ. ಪ್ರತಿ ತಿಂಗಳು 7ನೇ ತಾರೀಖಿನೊಳಗೆ ವೃದ್ಧಾಪ್ಯ ಪಿಂಚಣಿ ಸಿಗಬೇಕೆಂದು ಸುಪ್ರೀಂ ಕೋರ್ಟು ಆಹಾರದ ಹಕ್ಕಿನ ಪ್ರಕರಣದಲ್ಲಿ 2001ರ ನವೆಂಬರ್ 28ರಂದೇ ರಾಜ್ಯಗಳಿಗೆ ಆದೇಶಿಸಿತ್ತು. ತಡವಾದಾಗ ಮನವಿಯಲ್ಲಿ ಇದನ್ನು ಧೈರ್ಯವಾಗಿ ಬರೆಯಿರಿ.

ಈಗ ನೀವು ಮಾಡಬೇಕಾದ ಕೆಲಸ. ರೇಷನ್ ಕಾರ್ಡು ತೆಗೆದು ಯಜಮಾನಿ ಯಾರೆಂದು ನೋಡಿ. ತಾಯಿಯ ಹೆಸರಿದ್ದೂ ಗೃಹಲಕ್ಷ್ಮಿ ಬರುತ್ತಿಲ್ಲವಾದರೆ ಮೊದಲು ಬ್ಯಾಂಕಿನಲ್ಲಿ ವಿಚಾರಿಸಿ. ಅವರ ಆಧಾರ್‌ಗೆ ಯಾವ ಖಾತೆ ಜೋಡಣೆಯಾಗಿದೆಯೋ ಹಣ ಅದಕ್ಕೇ ಹೋಗುತ್ತದೆ, ಎಂದೋ ತೆರೆದು ಮರೆತ ಖಾತೆಯಲ್ಲಿ ತಿಂಗಳುಗಟ್ಟಲೆ ಬಿದ್ದಿರುವುದೂ ಉಂಟು. ಅಲ್ಲಿ ಸಿಗದಿದ್ದರೆ ತಾಲ್ಲೂಕಿನ ಸಿಡಿಪಿಒ, ಅಂದರೆ ಶಿಶು ಅಭಿವೃದ್ಧಿ ಯೋಜನಾಧಿಕಾರಿಯ, ಕಚೇರಿಗೆ ಹೋಗಿ, ಗೃಹಲಕ್ಷ್ಮಿ ಮಹಿಳಾ ಮತ್ತು ಮಕ್ಕಳ ಕಲ್ಯಾಣ ಇಲಾಖೆಯದು. ಪಿಂಚಣಿಯ ತೊಂದರೆಗಾದರೆ ನಾಡಕಚೇರಿ. ಹೋಬಳಿಯಲ್ಲಿ ಪಿಂಚಣಿ ಅದಾಲತ್ ನಡೆಯುವುದಿದ್ದರೆ ಗ್ರಾಮ ಆಡಳಿತಾಧಿಕಾರಿಗೆ, ಅಂದರೆ ನಾವು ವಿಎ ಎನ್ನುತ್ತಿದ್ದವರಿಗೆ, ತಿಳಿದಿರುತ್ತದೆ.

ಅಣ್ಣನವರ ಯುಡಿಐಡಿ ಕಾರ್ಡಿನಲ್ಲಿ, ಅಂದರೆ ಅಂಗವಿಕಲರ ಗುರುತಿನ ಚೀಟಿಯಲ್ಲಿ, ವೈಕಲ್ಯದ ಪ್ರಮಾಣ ಎಷ್ಟು ಬರೆದಿದೆ ಎಂದು ನೋಡಿ. ಹಳೆಯ ಪ್ರಮಾಣಪತ್ರವಾಗಿದ್ದು, ಆಮೇಲೆ ಸೊಂಟ ಅಥವಾ ಇನ್ನೊಂದು ಕಾಲಿಗೂ ತೊಂದರೆ ಬಂದಿದ್ದರೆ ಮರುಪರೀಕ್ಷೆಗೆ ಅರ್ಜಿ ಹಾಕಿಸಿ, ತುಮಕೂರಿನ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಬಹುದು. ಪ್ರಮಾಣ ಶೇ. 75 ದಾಟಿದರೆ 800 ಇದ್ದದ್ದು 1,400 ಆಗುತ್ತದೆ. ಹೆಚ್ಚು ಬರೆಸಿಕೊಡುತ್ತೇವೆ ಎನ್ನುವ ಮಧ್ಯವರ್ತಿಗಳ ಹತ್ತಿರ ಮಾತ್ರ ಹೋಗಬೇಡಿ. ಆಂಧ್ರದಲ್ಲಿ 2025ರಲ್ಲಿ ಅಂಗವಿಕಲರ ಪ್ರಮಾಣಪತ್ರಗಳನ್ನು ಮರುಪರಿಶೀಲಿಸಿ ಸಾವಿರಾರು ಜನರಿಗೆ ನೋಟಿಸು ಕೊಟ್ಟರು, ಅವರಲ್ಲಿ ನಿಜವಾಗಿ ಅರ್ಹರಾದವರೂ ಕಚೇರಿಗಳಿಗೆ ಅಲೆಯಬೇಕಾಯಿತು. ಅಣ್ಣನವರ ಹಳೆಯ ವೈದ್ಯಕೀಯ ಚೀಟಿಗಳು, ಎಕ್ಸ್‌ರೇಗಳು ಏನಿದ್ದರೂ ಜೋಪಾನ ಮಾಡಿ, ಮರುಪರೀಕ್ಷೆಯ ದಿನ ಎಲ್ಲವನ್ನೂ ಜೊತೆಗೆ ಒಯ್ಯಿರಿ.